ಕಾವಿಗೆ ಬಂದ ಹೇಂಟೆಯನ್ನು ನೀರಿಗೆ ಅದ್ದಬೇಡಿ

ದೀಪಾವಳಿ ಕಳೆದು ಚಳಿ ಹಿಡಿಯುತ್ತಿದ್ದಂತೆ ಹಿತ್ತಿಲ ಹೇಂಟೆಯ ಜುಟ್ಟು ಕೆಂಪೇರುತ್ತದೆ. ಕೊರ್ ಕೊರ್ ಎಂದು ರಾಗ ಎಳೆಯುತ್ತ ಕೊಟ್ಟಿಗೆಯ ಮೂಲೆ, ಸೌದೆ ಒಟ್ಟಿಲಿನ ಸಂದು, ಮಂಚದ ಅಡಿ ಎಲ್ಲವನ್ನೂ ಮೊಟ್ಟೆಯಿಡುವ ಜಾಗಕ್ಕಾಗಿ ಇಣುಕಿ ಬರುತ್ತದೆ. ಆಗಲೇ ಒಂದು ಮಂಕರಿಗೆ ಒಣಹುಲ್ಲು ಹಾಸಿ ಕತ್ತಲೆ ಮೂಲೆಯಲ್ಲಿ ಇಟ್ಟುಬಿಡಬೇಕು. ತಡವಾದರೆ ಅದು ಬೇಲಿಯಾಚೆಯ ಲಂಟಾನದ ಪೊದೆ ಸೇರುತ್ತದೆ, ಮೊಟ್ಟೆ ಮುಂಗುಸಿಯ ಪಾಲು. ಮಂಕರಿಯಲ್ಲಿ ಇದ್ದಿಲಿನ ಗೆರೆ ಎಳೆದ ಒಂದು ಮೊಟ್ಟೆಯನ್ನು ಸದಾ ಬಿಟ್ಟಿರಿ. ಅದನ್ನು ಕಂಡರೆ ಹೇಂಟೆ ಜಾಗ ಬದಲಿಸುವುದಿಲ್ಲ.

ಹಗಲು ಕುಗ್ಗಿದರೆ ಕೋಳಿ ಮೊಟ್ಟೆ ನಿಲ್ಲಿಸುತ್ತದೆ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಚಳಿದೇಶಗಳಿಗೆ ಆ ಮಾತು ಸರಿ. ಬೆಂಗಳೂರಿನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ಅಂತರವೇ ಸುಮಾರು ಒಂದೂವರೆ ಗಂಟೆ. ನಮ್ಮಲ್ಲಿ ಹೊಟ್ಟೆಯದ್ದೂ ಸೆಕೆಯದ್ದೂ ಮಾತು ಜೋರು. ಸುಗ್ಗಿಯಲ್ಲಿ ಕಣದ ಕಾಳು, ತಿಪ್ಪೆಯ ಹುಳ ಧಾರಾಳ. ಏಪ್ರಿಲ್‌ನಲ್ಲಿ ಬಾಯಿ ತೆರೆದು ಏದುಸಿರು ಬಿಡುವ ಕೋಳಿಗೆ ಮೇವೂ ಸೇರದು, ಚಿಪ್ಪೂ ತೆಳುವಾಗುತ್ತದೆ. ಒಂದು ಮೊಟ್ಟೆಗೆ 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಚಿಪ್ಪು ಗಟ್ಟಿಯಾಗಲು ಕಪ್ಪೆಚಿಪ್ಪನ್ನು ಕುಟ್ಟಿ ಒಂದು ಕರಟದಲ್ಲಿಟ್ಟರೆ ಬೇಕಾದಷ್ಟನ್ನು ಕೋಳಿಯೇ ಕುಕ್ಕಿಕೊಳ್ಳುತ್ತದೆ.

ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ನಾಟಿ ಹೇಂಟೆ ಕಾವಿಗೆ ಬರುತ್ತದೆ. ಗರಿ ಕೆದರಿ, ಮುಟ್ಟಹೋದ ಕೈಯನ್ನು ಕುಕ್ಕಿ, ಖಾಲಿ ಮಂಕರಿಯಲ್ಲೂ ಬಿಮ್ಮನೆ ಕೂರುತ್ತದೆ. ಮೊಟ್ಟೆ ನಿಂತಿತೆಂದು ಜನ ಅದನ್ನು ತಣ್ಣೀರಿಗೆ ಅದ್ದಿ ಕಾವು ಬಿಡಿಸುತ್ತಾರೆ. ನನಗೆ ಇದು ಶುದ್ಧ ದಡ್ಡತನ. ಬರೀ ಮೊಟ್ಟೆ ಬೇಕಿದ್ದವರು ಗಿರಿರಾಜ ಸಾಕಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಆ ತಳಿ ವರ್ಷಕ್ಕೆ 130-150 ಮೊಟ್ಟೆ ಕೊಡುತ್ತದೆ, ನಾಟಿಯದು 50-60 ಅಷ್ಟೆ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯನ್ನೂ ನಾಟಿಯ ಹೊಟ್ಟೆಯಡಿಗೆ ಸರಿಸಿಯೇ ಎಷ್ಟೋ ಮನೆಗಳಲ್ಲಿ ಮರಿ ಮಾಡಿಸುತ್ತಾರೆ. ಕರೆಂಟು ಕೇಳದ, ದಿನಕ್ಕೆ ಹಲವು ಬಾರಿ ತಾನೇ ಮೊಟ್ಟೆ ಹೊರಳಿಸುವ ಇನ್‌ಕ್ಯುಬೇಟರ್ ಮನೆಯಲ್ಲೇ ಇರುವಾಗ ಅದನ್ನು ಕೆಡಿಸುವುದೇಕೆ?

ಕೂರಿಸುವ ಮೊಟ್ಟೆ ಒಂದು ವಾರದೊಳಗಿನದಿರಲಿ, ತೊಳೆಯಬೇಡಿ, ಫ್ರಿಜ್‌ನದಂತೂ ಬೇಡವೇ ಬೇಡ. ಏಳನೇ ರಾತ್ರಿ ಕತ್ತಲಲ್ಲಿ ಟಾರ್ಚಿನ ಬಾಯಿಗೆ ಒಂದೊಂದನ್ನೇ ಹಿಡಿದು ನೋಡಿ: ನಡುವೆ ಕಪ್ಪು ಚುಕ್ಕೆ, ಸುತ್ತ ಜೇಡನ ಕಾಲಿನಂತೆ ಕೆಂಪು ನರ. ಬರೀ ಹಳದಿ ಬೆಳಕು ಕಂಡದ್ದನ್ನು ತೆಗೆದುಬಿಡಿ. 21 ದಿನಕ್ಕೆ ಮರಿ.

ಮುಂಗಾರಿನ ಜಡಿಮಳೆಯಲ್ಲಿ ಮಾತ್ರ ಕೂರಿಸಲು ಹೋಗಬೇಡಿ. ನೆನೆದ ಮರಿ ಉಳಿಯುವುದು ಕಷ್ಟ.