ಕ್ಯಾಂಪ್‌ಬೆಲ್ಲನ ವರದಿಯಲ್ಲಿ ಕಾಣದ ನುಡಿ: ಬಳ್ಳಾರಿ ಸೀಮೆಯ ಪಡುವಣ ತಾಲ್ಲೂಕುಗಳ ಭಾಷಾಕಲಿಕೆಯನ್ನು ಕುರಿತು ಒಂದು ವಿಮರ್ಶೆ

ಬಳ್ಳಾರಿ ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯಹೊರಟವರು ಮೊದಲು ತೆರೆಯುವ ದಾಖಲೆ ಒಂದುಂಟು. ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು 1823ನೆಯ ಆಗಸ್ಟ್ 17ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳುಹಿಸಿದ ವರದಿಯೇ ಅದು. 1800ರಲ್ಲಿ ನಿಜಾಮನಿಂದ ಕಂಪೆನಿಗೆ ಬಂದ ದತ್ತಮಂಡಲಗಳಲ್ಲಿ ಹಿಂದೆ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ, ಮದರಾಸಿನ ಗವರ್ನರನಾದ ಮೇಲೆ, 1822ರ ಜೂನ್ ತಿಂಗಳಿನಲ್ಲಿ ನಾಡಿನ ಶಾಲೆಗಳ ಲೆಕ್ಕವನ್ನು ಒಪ್ಪಿಸಬೇಕೆಂದು ಜಿಲ್ಲಾಧಿಕಾರಿಗಳನ್ನು ಕೇಳಿದನು. ಬಂದ ಉತ್ತರಗಳಲ್ಲಿ ಕ್ಯಾಂಪ್‌ಬೆಲ್ಲನದು ವಿಸ್ತಾರವಾದುದು, ಪ್ರಸಿದ್ಧವಾದುದು. ಆ ವರದಿಯನ್ನು ಭಾಷಾಕಲಿಕೆಯ ದೃಷ್ಟಿಯಿಂದ ಓದಿದರೆ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಇಲ್ಲಿ ನಮ್ಮ ವಿಶೇಷ ಗಮನಕ್ಕೆ ಪಾತ್ರವಾಗಿವೆ.

ಮೊದಲು ಅಂಕಿಗಳನ್ನು ನೋಡೋಣ. 9,27,857 ಜನರಿದ್ದ ಆ ಜಿಲ್ಲೆಯಲ್ಲಿ 533 ವಿದ್ಯಾಸ್ಥಾನಗಳಿದ್ದುವು. ಅವುಗಳಲ್ಲಿ ಓದುತ್ತಿದ್ದವರು 6,641. ಎಂದರೆ ಸಾವಿರಕ್ಕೆ ಸುಮಾರು ಏಳು ಮಂದಿ. ಅವರಲ್ಲಿ ಹುಡುಗಿಯರು ಕೇವಲ 60. ಭಾಷಾವಾರು ನೋಡಿದರೆ ಕನ್ನಡದ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಬ್ರಾಹ್ಮಣರು ಸಂಸ್ಕೃತದಲ್ಲಿ ಶಾಸ್ತ್ರಗಳನ್ನು ಓದುತ್ತಿದ್ದ ಸ್ಥಾನಗಳು 23. ಈ ಪಟ್ಟಿಯನ್ನು ಕಂಡವರು ಸಾಮಾನ್ಯವಾಗಿ ಎರಡು ಬಗೆಯ ತೀರ್ಮಾನಕ್ಕೆ ಬರುತ್ತಾರೆ: ಬಳ್ಳಾರಿಯಲ್ಲಿ ಕನ್ನಡಕ್ಕೂ ತೆಲುಗಿಗೂ ಸರಿಸಮವಾದ ಬಲವಿತ್ತು ಎಂಬುದು ಒಂದು, ಇಲ್ಲಿಯ ಜನರು ಹಿಂದಿನಿಂದಲೂ ಹಲವು ಭಾಷೆಗಳನ್ನು ಬಲ್ಲವರಾಗಿದ್ದರು ಎಂಬುದು ಇನ್ನೊಂದು. ಈ ಎರಡು ತೀರ್ಮಾನಗಳಿಗೂ ವರದಿ ಆಧಾರ ಕೊಡುವುದಿಲ್ಲವೆಂಬುದೇ ನಮ್ಮ ವಾದ.

ಮೊದಲನೆಯದನ್ನು ತೆಗೆದುಕೊಳ್ಳೋಣ. 1823ರ ಬಳ್ಳಾರಿ ಜಿಲ್ಲೆಯು ಇಂದಿನ ಬಳ್ಳಾರಿಯಲ್ಲ. ಅನಂತಪುರದ ಸೀಮೆ ಅದರಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದುದು 1882ರಲ್ಲಿ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುದು 1953ರ ಅಕ್ಟೋಬರ್ 1ರಂದು. ಉಳಿದ ಏಳು ತಾಲ್ಲೂಕುಗಳು ಅದೇ ದಿನ ಮೈಸೂರು ರಾಜ್ಯಕ್ಕೆ ಬಂದುವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ಈ ಐದು ತಾಲ್ಲೂಕುಗಳು ಹೊಸಪೇಟೆಯೊಡನೆ ವಿಜಯನಗರ ಜಿಲ್ಲೆಯಲ್ಲಿವೆ. ಹೀಗೆ ಗಡಿಗಳು ನಾಲ್ಕಾರು ಸಲ ಬದಲಾಗಿರುವ ನಾಡಿನಲ್ಲಿ, ಇಡೀ ಹಳೆಯ ಜಿಲ್ಲೆಗೆ ಸಂಬಂಧಿಸಿದ 235 ಮತ್ತು 226 ಎಂಬ ಸಂಖ್ಯೆಗಳನ್ನು ತಂದು ಹಡಗಲಿಗೋ ಹರಪನಹಳ್ಳಿಗೋ ಹೊಂದಿಸುವುದು ಚರಿತ್ರೆಯ ಕ್ರಮವಲ್ಲ. ವಿದ್ಯಾರ್ಥಿಗಳು ಹಳೆಯ ಅಂಕಿಯನ್ನು ಉದಾಹರಿಸುವ ಮುನ್ನ ಅದು ಯಾವ ಭೂಭಾಗದ ಅಂಕಿ ಎಂದು ಕೇಳಿಕೊಳ್ಳುವುದು ಅವಶ್ಯಕ.

ಎರಡನೆಯ ತೀರ್ಮಾನದಲ್ಲಿರುವ ದೋಷ ಇದಕ್ಕಿಂತ ಸೂಕ್ಷ್ಮವಾದುದು. ರೆವಿನ್ಯೂ ಬೋರ್ಡಿನ ನಮೂನೆಯಲ್ಲಿ ವಿದ್ಯಾರ್ಥಿಗಳನ್ನು ಎಣಿಸಿದುದು ಜಾತಿಯಿಂದ: ಬ್ರಾಹ್ಮಣರು, ವೈಶ್ಯರು, ಶೂದ್ರರು, ಇತರ ಜಾತಿಯವರು, ಮುಸಲ್ಮಾನರು. ಕ್ಯಾಂಪ್‌ಬೆಲ್ಲನು ಶಾಲೆಗಳನ್ನು ಎಣಿಸಿದುದು ಭಾಷೆಯಿಂದ. ಈ ಎರಡು ಎಣಿಕೆಗಳು ಒಂದನ್ನೊಂದು ಎಲ್ಲಿಯೂ ಸಂಧಿಸುವುದಿಲ್ಲ. ಕನ್ನಡದ ಶಾಲೆಯಲ್ಲಿ ಕುಳಿತ ಹುಡುಗನು ಮನೆಯಲ್ಲಿ ಏನು ಮಾತನಾಡುತ್ತಿದ್ದನು ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವೇ ಇಲ್ಲ. ಮರಾಠಿಯ 23 ಶಾಲೆಗಳನ್ನೇ ನೋಡಿ. ಮರಾಠಿಯು ಆ ಕಾಲದಲ್ಲಿ ಇಲ್ಲಿಯ ಕಚೇರಿಗಳ ಲೆಕ್ಕಪತ್ರದ ಭಾಷೆ. ಪಾರಸಿಯು ಹಿಂದಿನ ದರ್ಬಾರುಗಳ ಭಾಷೆ. ಈ 44 ಶಾಲೆಗಳಿಗೆ ಹೋದವರಲ್ಲಿ ಹಲವರಾದರೂ ಮನೆಯ ನುಡಿಯನ್ನು ಬಿಟ್ಟು ಬೇರೊಂದನ್ನು ಕಲಿಯಲು ಹೋದವರೆಂದು ಊಹಿಸುವುದು ಯುಕ್ತ. ಆದರೆ ಅವರೆಷ್ಟು ಮಂದಿ, ಯಾವ ಮನೆಯವರು ಎಂಬುದನ್ನು ಈ ದಾಖಲೆಯಿಂದ ಹೊರತೆಗೆಯಲಾಗದು. ಎಂದಮೇಲೆ ಶಾಲೆಗಳು ಹಲವು ಭಾಷೆಯವಾಗಿದ್ದುವೆಂಬುದಷ್ಟೇ ಸಿದ್ಧ. ಕಲಿಯುವವನು ಹಲವು ಭಾಷೆಯವನಾಗಿದ್ದನೆಂಬುದು ಸಿದ್ಧವಲ್ಲ.

ಆದರೂ ಕ್ಯಾಂಪ್‌ಬೆಲ್ಲನನ್ನು ಕೇವಲ ಲೆಕ್ಕಿಗನೆಂದು ತಳ್ಳಿಹಾಕುವುದು ನ್ಯಾಯವಲ್ಲ. ಈತನು 1816ರಲ್ಲಿ ತೆಲುಗು ವ್ಯಾಕರಣವನ್ನು ಪ್ರಕಟಿಸಿದ ವಿದ್ವಾಂಸ. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಆದ ಒಂದು ಕುಲಕ್ಕೆ ಸೇರಿದವು ಎಂದು ಎಫ್. ಡಬ್ಲ್ಯು. ಎಲ್ಲಿಸ್ ಮೊದಲು ನಿರೂಪಿಸಿದುದು ಆ ವ್ಯಾಕರಣದ ಪೀಠಿಕೆಗೆ ಸೇರಿಸಿದ ಟಿಪ್ಪಣಿಯಲ್ಲಿಯೇ. ಆದುದರಿಂದ ಶಾಲೆಯ ಓದಿನ ಬಗ್ಗೆ ಕ್ಯಾಂಪ್‌ಬೆಲ್ಲನು ಹೇಳುವ ಮಾತಿಗೆ ತೂಕವಿದೆ. ಕನ್ನಡ ತೆಲುಗುಗಳ ಲಿಪಿ ಒಂದೇ ಆಗಿರುವುದರಿಂದ ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದಬಲ್ಲನು, ಆದರೆ ಅರ್ಥಮಾಡಿಕೊಳ್ಳಲಾರನು ಎಂಬುದು ಆತನ ಅಭಿಪ್ರಾಯ. ಅಷ್ಟೇ ಅಲ್ಲ, ಶಾಲೆಯ ಪುಸ್ತಕಗಳೆಲ್ಲವೂ ಪದ್ಯರೂಪದವು, ಆಡುಮಾತಿಗೂ ವ್ಯವಹಾರದ ಮಾತಿಗೂ ದೂರವಾದವು, ಹುಡುಗರು ಅಕ್ಷರದ ಉಚ್ಚಾರಣೆಯನ್ನು ಕಲಿಯುತ್ತಾರೆಯೇ ಹೊರತು ಅರ್ಥವನ್ನಲ್ಲ ಎಂದೂ ಆತನು ಆಕ್ಷೇಪಿಸುತ್ತಾನೆ.

ಈ ಆಕ್ಷೇಪದಲ್ಲಿ ಒಂದು ದೊಡ್ಡ ಸತ್ಯ ಅಡಗಿದೆ. ಪಠ್ಯಗಳ ಪಟ್ಟಿಯಲ್ಲಿ ರಾಮಾಯಣ, ಭಾರತ, ಭಾಗವತಗಳಲ್ಲದೆ ಬಸವಪುರಾಣ, ಗಿರಿಜಾಕಲ್ಯಾಣ, ಅನುಭವಾಮೃತ, ಚನ್ನಬಸವಪುರಾಣಗಳೂ ಶಬ್ದಮಣಿದರ್ಪಣವೂ ಬರುತ್ತವೆ. ಕೂಡ್ಲಿಗಿಯ ಕಡೆಯ ಒಬ್ಬ ಒಕ್ಕಲುಮಗನಿಗೆ ಶಬ್ದಮಣಿದರ್ಪಣದ ಕನ್ನಡವು ಮನೆಯ ಕನ್ನಡವೆ? ಅಲ್ಲ. ಕನ್ನಡದ ಮಗುವಿಗೆ ಕನ್ನಡದ ಶಾಲೆಯೂ ಒಂದು ರೀತಿಯಲ್ಲಿ ಎರಡನೆಯ ಭಾಷೆಯ ಶಾಲೆಯೇ ಆಗಿದ್ದಿತು. ಹಿಂದಿನ ವಿದ್ಯಾಭ್ಯಾಸವು ತಾಯ್ನುಡಿಯಲ್ಲಿಯೇ ನಡೆಯುತ್ತಿತ್ತೆಂದು ಸಲೀಸಾಗಿ ಹೇಳುವವರು ಈ ಅಂಶವನ್ನು ಗಮನಿಸಬೇಕು.

ಆದರೆ ಕ್ಯಾಂಪ್‌ಬೆಲ್ಲನ ತೀರ್ಪು ಒಂದು ಕಡೆ ಅತಿಯಾಗಿದೆ. ಅರ್ಥವಾಗದ ಗಿಳಿಪಾಠವೆಂದು ಆತನು ಹೇಳುವಾಗ, ಅರ್ಥವು ಪುಸ್ತಕದಿಂದಲೇ ಬರಬೇಕೆಂದು ಭಾವಿಸಿದಂತೆ ತೋರುತ್ತದೆ. ಪುರಾಣವು ನಮ್ಮ ನಾಡಿನಲ್ಲಿ ಮೊದಲು ಕಿವಿಯ ವಸ್ತು. ಗುಡಿಯಲ್ಲಿ, ಮಠದಲ್ಲಿ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಪದ್ಧತಿ ಹಳೆಯದು. ಕೊಟ್ಟೂರಿನ ಕೊಟ್ಟೂರೇಶ್ವರ, ಪಂಚಪೀಠಗಳಲ್ಲೊಂದಾದ ಉಜ್ಜಯಿನಿ ಇವುಗಳ ಪರಿಸರದಲ್ಲಿ ಬೆಳೆದ ಬಾಲಕನು ಕತೆಯನ್ನು ಕೇಳಿ ತಿಳಿದ ಮೇಲೆ ಕಡತದಲ್ಲಿ ಅದರ ಅಕ್ಷರವನ್ನು ಕಂಡಿರಬಹುದು. ಶಾಲೆಯೊಳಗೆ ಮಾತ್ರ ನೋಡಿದ ಪರೀಕ್ಷಕನಿಗೆ ಶಾಲೆಯ ಹೊರಗಿನ ಗುರು ಕಾಣಿಸುವುದಿಲ್ಲ.

ಇದೇ ಮಾತನ್ನು ಪರಭಾಷೆಯ ಕಲಿಕೆಗೆ ಇನ್ನೂ ಬಲವಾಗಿ ಅನ್ವಯಿಸಬಹುದು. ಈ ಐದು ತಾಲ್ಲೂಕುಗಳಲ್ಲಿ ಎರಡನೆಯ ನುಡಿಯನ್ನು ಕಲಿಸಿದ ಮುಖ್ಯ ಗುರು ಶಾಲೆಯಲ್ಲ. ಸಂತೆ, ಜಾತ್ರೆ, ದನದ ಹಟ್ಟಿ, ನೆರೆಮನೆ. ಲಂಬಾಣಿ ತಾಂಡಾಗಳು ಇಲ್ಲಿ ಹೇರಳವಾಗಿವೆ; ತಾಂಡಾದ ಮನೆಮಾತು ಆರ್ಯಕುಲಕ್ಕೆ ಸೇರಿದುದು, ಸಂತೆಯ ಮಾತು ಕನ್ನಡ. ಕೂಡ್ಲಿಗಿಯಿಂದ ಮೊಳಕಾಲ್ಮೂರಿನವರೆಗಿನ ಮ್ಯಾಸಬೇಡರ ಹಟ್ಟಿಗಳಲ್ಲಿ ಕೆಲವು ಮನೆಯೊಳಗೆ ತೆಲುಗನ್ನೂ ಹೊರಗೆ ಕನ್ನಡವನ್ನೂ ಆಡುತ್ತವೆ. ಮುಸಲ್ಮಾನರ ಮನೆಗಳಲ್ಲಿ ದಖನಿ ಉರ್ದು ಇದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ನೆರೆನಾಡುಗಳಿಂದಲೂ ಭಕ್ತರು ಬರುತ್ತಾರೆ. ಕನ್ನಡಿಗರ ಮೈಲಾರಲಿಂಗನೇ ತೆಲುಗರಿಗೆ ಮಲ್ಲಣ್ಣ, ಮರಾಠಿಗರಿಗೆ ಖಂಡೋಬ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವಾದರೋ ಕನ್ನಡದ ಒಂದೇ ಒಂದು ವಾಕ್ಯ. ಅದರ ಅರ್ಥವನ್ನು ಮಳೆಬೆಳೆಗೆ, ರಾಜ್ಯಭಾರಕ್ಕೆ ಹೊಂದಿಸಿ ಜನರು ಪರಸ್ಪರ ಬಿಡಿಸಿಕೊಳ್ಳುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ಬಾಗಳಿ, ಕೋಗಳಿ, ಕುರುವತ್ತಿಗಳ ಕಾಲಕ್ಕೆ ತಲುಪುತ್ತೇವೆ. ಈ ಸೀಮೆಯ ಶಾಸನಗಳು 1939ರಲ್ಲಿ ಪ್ರಕಟವಾದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಸೇರಿವೆ. ಸಂಸ್ಕೃತದಲ್ಲಿ ಸ್ತುತಿ, ಕನ್ನಡದಲ್ಲಿ ದಾನದ ವಿವರ ಎಂಬ ಅಂದಿನ ಶಾಸನಗಳ ವಾಡಿಕೆ, ಯಾವ ಕೆಲಸಕ್ಕೆ ಯಾವ ಭಾಷೆ ಎಂಬ ವಿವೇಕವನ್ನು ತೋರಿಸುತ್ತದೆ.

ಕ್ಯಾಂಪ್‌ಬೆಲ್ಲನ ಕಾಲದಲ್ಲಿಯೇ ಬಳ್ಳಾರಿ ಪಟ್ಟಣದಲ್ಲಿ ಪರಭಾಷೆಯ ಕಲಿಕೆಗೆ ಇನ್ನೊಂದು ಉಜ್ಜ್ವಲ ನಿದರ್ಶನವಿದ್ದಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡವನ್ನು ಕಲಿತು ಬೈಬಲಿನ ಭಾಷಾಂತರಕ್ಕೆ ಕೈಹಾಕಿದನು. ಅದೇ ಮಿಷನ್ನಿನ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಪ್ರಕಟಿಸಿದನು. ಆದರೆ ಇವರಿಗೆ ಕನ್ನಡವನ್ನು ಕಲಿಸಿದ ದೇಶೀಯರು ಶಾಲೆಗಳ ಪಟ್ಟಿಯಲ್ಲಿ ಸಿಕ್ಕುವುದಿಲ್ಲ. ಅವರು ಶಾಲೆಯೆಂಬ ಹೆಸರಿಲ್ಲದ ಶಾಲೆಯ ಉಪಾಧ್ಯಾಯರು.

ಮುಂದಿನ ವಿಮರ್ಶಕರಾದರೂ ಈ ಕೊರತೆಯನ್ನು ತುಂಬಿದರೆ? 1983ರಲ್ಲಿ ಧರ್ಮಪಾಲರು ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಗ್ರಂಥದಲ್ಲಿ ಮದರಾಸಿನ ಈ ವರದಿಗಳನ್ನು ಅಚ್ಚುಮಾಡಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಮಹದುಪಕಾರ ಮಾಡಿರುವರು. ಕ್ಯಾಂಪ್‌ಬೆಲ್ಲನ ಒಂದು ಮಾತು ಅಲ್ಲಿಂದ ಮುಂದೆ ಬಹಳ ಪ್ರಚಾರಕ್ಕೆ ಬಂದಿತು: ಇಂಗ್ಲೆಂಡಿನ ಬಟ್ಟೆಯಿಂದಲೂ ಬಂಡವಾಳವು ದೇಶೀಯರ ಕೈಬಿಟ್ಟುದರಿಂದಲೂ ನಾಡು ಬಡವಾಗಿ ಶಾಲೆಗಳು ಕ್ಷೀಣಿಸಿದುವೆಂಬುದು ಅದು. ಆ ಮಾತು ಮಹತ್ತ್ವದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಧರ್ಮಪಾಲರ ದೃಷ್ಟಿ ಮುಖ್ಯವಾಗಿ ವಿದ್ಯೆಯ ವ್ಯಾಪ್ತಿಯ ಮೇಲೆ, ಯಾವ ಜಾತಿಯವರು ಎಷ್ಟು ಮಂದಿ ಓದುತ್ತಿದ್ದರೆಂಬುದರ ಮೇಲೆ ನೆಟ್ಟಿದೆ. ಬಳ್ಳಾರಿಯಲ್ಲಿ ಶೂದ್ರ ವಿದ್ಯಾರ್ಥಿಗಳು 2,998 ಮಂದಿ, ಬ್ರಾಹ್ಮಣರು 1,185 ಮಂದಿ ಎಂಬುದು ಅವರ ವಾದಕ್ಕೆ ಪೋಷಕ. ಯಾವ ಭಾಷೆಯ ಮಗು ಯಾವ ಭಾಷೆಯಲ್ಲಿ ಓದುತ್ತಿತ್ತು ಎಂಬ ಪ್ರಶ್ನೆ ಮಾತ್ರ 1823ರಲ್ಲಿದ್ದಲ್ಲಿಯೇ ಉಳಿದಿದೆ.

ಸರಕಾರದ ಇತರ ವಿಚಾರಣೆಗಳ ಗತಿಯೂ ಇದೇ. ಗ್ರಿಯರ್ಸನ್ನನ ಭಾಷಾ ಸರ್ವೇಕ್ಷಣೆಯು ಮದರಾಸ್ ಪ್ರಾಂತವನ್ನು ಒಳಗೊಳ್ಳಲಿಲ್ಲವಾದುದರಿಂದ ಬಳ್ಳಾರಿ ಅದರಿಂದ ಹೊರಗುಳಿಯಿತು. 1953ರಲ್ಲಿ ಬಳ್ಳಾರಿ ತಾಲ್ಲೂಕನ್ನು ಕುರಿತು ನ್ಯಾಯಮೂರ್ತಿ ಮಿಶ್ರರ ವಿಚಾರಣೆ ನಡೆಯಿತು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಸೂಚಿಸಿತು. ಆ ಸೂಚನೆ ಅಂಗೀಕೃತವಾಗಲಿಲ್ಲ. ಪಡುವಣ ತಾಲ್ಲೂಕುಗಳ ಕನ್ನಡತನ ನಿರ್ವಿವಾದವಾಗಿದ್ದುದರಿಂದ ಅವುಗಳನ್ನು ಯಾರೂ ಅಷ್ಟಾಗಿ ಪರೀಕ್ಷಿಸಲಿಲ್ಲ. ವ್ಯಾಜ್ಯವಿದ್ದ ಕಡೆ ಭಾಷೆಯನ್ನು ಎಣಿಸಿದರು. ವ್ಯಾಜ್ಯವಿಲ್ಲದ ಕಡೆ ಒಂದೇ ಭಾಷೆಯಿದೆಯೆಂದು ಬಗೆದರು. ಇವು ಕನ್ನಡದ ತಾಲ್ಲೂಕುಗಳೆಂಬುದು ನಿಜ. ಕನ್ನಡವೊಂದೇ ಇರುವ ತಾಲ್ಲೂಕುಗಳೆಂಬುದು ನಿಜವಲ್ಲ. ಈ ಎರಡು ವಾಕ್ಯಗಳಿಗಿರುವ ಅಂತರವನ್ನು ಮರೆತುದರಿಂದ ಆದ ನಷ್ಟ ಸಣ್ಣದಲ್ಲ.

ಆ ನಷ್ಟವನ್ನು ಇಂದಿಗೂ ಹೊರುತ್ತಿರುವುದು ಮಗು. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸಲಾಗಿದೆ. ತಾಂಡಾದ ಬಾಲಕಿಯು ಒಂದನೆಯ ತರಗತಿಗೆ ಬಂದಾಗ ಶಾಲೆಯು ಕನ್ನಡವನ್ನು ಆಕೆಯ ಪ್ರಥಮ ಭಾಷೆಯೆಂದು ಬರೆದುಕೊಳ್ಳುತ್ತದೆ. ವಾಸ್ತವವಾಗಿ ಅದು ಎರಡನೆಯದು. ಇಂಗ್ಲಿಷು ಆಕೆಗೆ ಮೂರನೆಯದು, ಹಿಂದಿಯು ನಾಲ್ಕನೆಯದು. ನೆರೆಯ ಊರಿನ ಮಗುವಿಗಿಂತ ಒಂದು ಭಾಷೆಯನ್ನು ಹೆಚ್ಚಾಗಿ ಹೊತ್ತು ನಡೆಯುವ ಈ ಮಗುವು ಒಂದು ಹೆಜ್ಜೆ ಹಿಂದೆ ಬಿದ್ದರೆ, ಅದನ್ನು ಬುದ್ಧಿಯ ಮಾಂದ್ಯವೆಂದು ಎಣಿಸುವ ಅಪಾಯವಿದೆ. ಜಾತಿಯನ್ನು ಕೇಳಿ ಭಾಷೆಯನ್ನು ಕೇಳದ 1823ರ ನಮೂನೆಯ ನೆರಳು ಇಲ್ಲಿಯವರೆಗೂ ಚಾಚಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಇದರಿಂದ ಕನ್ನಡದ ಸ್ಥಾನಕ್ಕೆ ಕುಂದು ಬರುವುದೆಂದು ಯಾರೂ ಶಂಕಿಸಬೇಕಾಗಿಲ್ಲ. ತಾಂಡಾದವರನ್ನೂ ಹಟ್ಟಿಯವರನ್ನೂ ಒಂದೇ ಸಂತೆಯಲ್ಲಿ ಕೂಡಿಸಿದುದು ಕನ್ನಡವೇ. ಪರರು ಕಷ್ಟಪಟ್ಟು ಕಲಿತು ತಮ್ಮದಾಗಿಸಿಕೊಂಡ ಭಾಷೆ ಎಂಬುದು ಕನ್ನಡಕ್ಕೆ ಗೌರವವೇ ಹೊರತು ಅಗೌರವವಲ್ಲ. ಆ ಕಷ್ಟವನ್ನು ನಾವು ಗುರುತಿಸದಿರುವುದು ಮಾತ್ರ ಅಗೌರವ.

ಆದುದರಿಂದ ಎರಡು ಸೂಚನೆಗಳನ್ನು ವಿದ್ವಾಂಸರ ಮುಂದಿಡಬಹುದು. ಒಂದು, ಹಳೆಯ ಶಿಕ್ಷಣ ವರದಿಗಳನ್ನು ಉದಾಹರಿಸುವಾಗ ಶಾಲೆಯ ಭಾಷೆ, ಪುಸ್ತಕದ ಭಾಷೆ, ಮನೆಯ ಭಾಷೆ ಈ ಮೂರನ್ನೂ ಬೇರೆಬೇರೆಯಾಗಿ ಇಟ್ಟು ನೋಡಬೇಕು. ಎರಡು, ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಪ್ರತಿ ವರ್ಷವೂ ವಿದ್ಯಾರ್ಥಿಗಳಿಂದಲೇ ಅವರವರ ಊರಿನ ಮನೆಮಾತು, ಕಲಿತ ಮಾತು, ಕಲಿತ ಸ್ಥಳ ಇವುಗಳ ಪಟ್ಟಿಯನ್ನು ಮಾಡಿಸಬಹುದು. ಇದಕ್ಕೆ ಹಣ ಬೇಡ. ಒಂದು ದಫ್ತರವೂ ಕೇಳುವ ಮನಸ್ಸೂ ಸಾಕು. ಕ್ಯಾಂಪ್‌ಬೆಲ್ಲನು ಕೇಳದೆ ಬಿಟ್ಟ ಪ್ರಶ್ನೆಯನ್ನು ಹಡಗಲಿಯ ಅಥವಾ ಕೊಟ್ಟೂರಿನ ವಿದ್ಯಾರ್ಥಿಯೊಬ್ಬನು ತನ್ನ ಅಜ್ಜಿಯನ್ನು ಕೇಳಿ ಬರೆದುಕೊಂಡು ಬಂದರೆ, ಇನ್ನೂರು ವರ್ಷಗಳಿಂದ ಖಾಲಿಯಿರುವ ಒಂದು ಕಲಮು ತುಂಬಲು ಮೊದಲಾದೀತು.