ಸುಲ್ತಾನನ ನಮಾಜು

ಗಿರೀಶ ಕಾರ್ನಾಡರ 1964ರ ನಾಟಕ ‘ತುಘಲಕ್’ ಅನ್ನು ನಾವು ಬಹುಕಾಲ ಆದರ್ಶವಾದಿ ಅರಸನೊಬ್ಬನ ಸೋಲಿನ ಕಥೆಯಾಗಿಯೇ ಓದಿದೆವು. ನೆಹರೂ ಯುಗದ ಭ್ರಮನಿರಸನವೆಂದು ವಿಮರ್ಶಕರೂ ಹೇಳಿಕೊಟ್ಟರು. ಅದರಲ್ಲಿ ನಮಾಜಿಗೆ ಏನಾಗುತ್ತದೆಂದು ಮಾತ್ರ ನಾವು ಕೇಳಲಿಲ್ಲ.

ಸುಲ್ತಾನನನ್ನು ಕೊಲ್ಲಲು ಅಮೀರರು ಆರಿಸಿಕೊಳ್ಳುವುದು ನಮಾಜಿನ ಹೊತ್ತನ್ನೇ. ಸಂಚು ಬಯಲಾದೊಡನೆ ಅವನು ರಾಜ್ಯದಲ್ಲೆಲ್ಲ ನಮಾಜನ್ನೇ ನಿಷೇಧಿಸುತ್ತಾನೆ. ವರ್ಷಗಳ ನಂತರ ಖಲೀಫರ ವಂಶಸ್ಥನನ್ನು ಕರೆಸಿ ಮತ್ತೆ ಆರಂಭಿಸಲು ಹೊರಡುತ್ತಾನೆ. ಅಷ್ಟರಲ್ಲಿ ಹಸಿದ ಜನ ಕೇಳುತ್ತಿರುವುದು ನಮಾಜಲ್ಲ, ಅನ್ನ. ಬರುವವನಾದರೂ ಯಾರು? ಆ ವಂಶಸ್ಥನನ್ನು ಕೊಂದು ಅವನ ಉಡುಪು ತೊಟ್ಟ ಅಗಸ ಅಜೀಜ್. ಮೊದಲ ದೃಶ್ಯದಲ್ಲಿ ಇವನೇ ಬ್ರಾಹ್ಮಣನ ವೇಷದಲ್ಲಿ ಸುಲ್ತಾನನ ಮೇಲೆ ಮೊಕದ್ದಮೆ ಗೆದ್ದಿದ್ದ. ದರ್ಬಾರು ಯಾವ ಧರ್ಮಕ್ಕೆ ಮಣೆ ಹಾಕುವುದೋ ಆ ವೇಷ ಅವನಲ್ಲಿ ಸಿದ್ಧ. ಗುಟ್ಟು ತಿಳಿದ ಮೇಲೂ ಶಿಕ್ಷೆಯಿಲ್ಲ, ದಖ್ಖನಿನಲ್ಲಿ ಹುದ್ದೆ!

ಸರಕಾರದೊಳಗೆ ಧರ್ಮ ಬಂದರೆ ಸರಕಾರ ಶುದ್ಧವಾದೀತೆನ್ನುವವರು ನಮ್ಮಲ್ಲೂ ಇದ್ದಾರೆ, ಇತರರಲ್ಲೂ ಇದ್ದಾರೆ. ಅವರು ಈ ನಾಟಕವನ್ನು ಅಜೀಜನ ಕಡೆಯಿಂದ ಓದಲಿ.

ಕಥೆ ಬರೆಯುವ ನಮಗೆ ಕಾರ್ನಾಡರ ಮೇಲೊಂದು ತಕರಾರೂ ಇದೆ. ನಿಷೇಧದ ವರ್ಷಗಳಲ್ಲಿ ಕದ ಮುಚ್ಚಿಕೊಂಡು ನಮಾಜು ಮಾಡಿದ ಒಬ್ಬ ಮುದುಕಿಯಾದರೂ ಇಲ್ಲಿಲ್ಲ. ಇದ್ದಿದ್ದರೆ, ಖಲೀಫರ ಹೆಸರಿನ ಮೆರವಣಿಗೆ ನೋಡಲು ಅವಳು ಬೀದಿಗೆ ಬರುತ್ತಿದ್ದಳೇ?