ಹರಾಜಿನ ಪಟ್ಟಿಯೂ ಅಡಿಕೆಯ ಧಾರಣೆಯೂ

ಕಾವ್ಯ, ಕಾದಂಬರಿ, ನಾಟಕ, ಪ್ರಬಂಧ ಇವು ವಿಮರ್ಶೆಯ ಅಂಗಳಕ್ಕೆ ಬರುವ ನಿತ್ಯದ ಅತಿಥಿಗಳು. ಅಂಚೆಚೀಟಿಗಳ ಹರಾಜಿನ ಪಟ್ಟಿಯನ್ನು ಈ ಸಾಲಿನಲ್ಲಿ ಕೂರಿಸಲು ಯಾರೂ ಒಪ್ಪಲಾರರು. ಆದರೆ ಅದೂ ಬರವಣಿಗೆಯೇ. ಅದಕ್ಕೊಂದು ಶೈಲಿಯುಂಟು, ಅಲಂಕಾರಗಳುಂಟು, ಸಂಪ್ರದಾಯವುಂಟು. ಓದುಗನನ್ನು ಒಪ್ಪಿಸಬೇಕೆಂಬ ಹಟವಂತೂ ಉಳಿದ ಪ್ರಕಾರಗಳಿಗಿಂತ ಒಂದು ಕೈ ಮಿಗಿಲಾಗಿಯೇ ಉಂಟು. ಕೆಟ್ಟ ಕಾದಂಬರಿಯನ್ನು ನಂಬಿದವನಿಗೆ ಒಂದು ಸಂಜೆ ನಷ್ಟ. ಕೆಟ್ಟ ಪಟ್ಟಿಯನ್ನು ನಂಬಿದವನಿಗೆ ವರ್ಷದ ಉಳಿತಾಯವೇ ನಷ್ಟ. ಅಂಥ ಬರಹವನ್ನು ಎಚ್ಚರದಿಂದ ಓದಬೇಡವೆ?

ಈ ವಿಚಾರ ನನ್ನಲ್ಲಿ ಮೂಡಿದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕೆಲವು ಸಂಗ್ರಾಹಕ ಮಿತ್ರರ ಚರ್ಚೆಯಿಂದ. ಇವರ ಸಂಖ್ಯೆ ದೊಡ್ಡದಲ್ಲ. ಮಾಸ್ತರರು, ನಿವೃತ್ತ ನೌಕರರು, ಉಳಿದವರು ತೋಟಿಗರು. ಇವರಲ್ಲಿ ಯಲ್ಲಾಪುರದ ಕಡೆಯವರೊಬ್ಬರು ತಂದೆಯ ಕಾಲದ ಕೆಲವು ಲಕೋಟೆಗಳನ್ನು ದೂರದ ನಗರದ ಒಂದು ಹರಾಜು ಸಂಸ್ಥೆಗೆ ಕಳುಹಿಸಿದ್ದರು. ತಿಂಗಳುಗಳ ಮೇಲೆ ಲೆಕ್ಕ ಬಂತು: ಮೂರು ಗುಂಪುಗಳಿಗೆ ಗಿರಾಕಿ ಇಲ್ಲ, ನಾಲ್ಕನೆಯದು ಸರಿಯಾಗಿ ಕನಿಷ್ಠ ಬೆಲೆಗೇ ಹೋಗಿದೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ. ಕೊಂಡವನ ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ ಮಾತ್ರ. ಇದರಲ್ಲಿ ಮೋಸವಿದೆಯೆಂದು ಹೇಳಲು ಅವರ ಬಳಿ ಆಧಾರವಿಲ್ಲ, ಮೋಸವಿಲ್ಲವೆಂದು ನಂಬಲೂ ಆಧಾರವಿಲ್ಲ. “ಅಡಿಕೆ ರಾಶಿಯಾದರೆ ಕೈ ಹಾಕಿ ನೋಡಬಹುದು ಮಾರಾಯ್ರೆ, ಇಲ್ಲಿ ಕೈ ಹಾಕುವುದು ಎಲ್ಲಿಗೆ?” ಎಂದು ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮೊದಲು ಪಟ್ಟಿಯ ಗುಣವನ್ನು ಹೇಳಿಬಿಡುವುದು ನ್ಯಾಯ. ಒಳ್ಳೆಯ ಪಟ್ಟಿಯ ಗದ್ಯ ಮೆಚ್ಚತಕ್ಕದ್ದು. ೧೮೫೪ರಲ್ಲಿ ಕಲ್ಕತ್ತೆಯಲ್ಲಿ ಮುದ್ರಣವಾದ ನಾಲ್ಕಾಣೆಯ ಚೀಟಿಯನ್ನು ನೋಡಿ. ಕೆಂಪು ಚೌಕಟ್ಟು ಒಮ್ಮೆ, ನೀಲಿಯಲ್ಲಿ ರಾಣಿಯ ತಲೆ ಇನ್ನೊಮ್ಮೆ, ಹೀಗೆ ಎರಡು ಸಲ ಅಚ್ಚಿಗೆ ಹೋಗುವಾಗ ಕಾಗದ ತಿರುಗುಮುರುಗಾಗಿ ಕೆಲವು ಚೀಟಿಗಳಲ್ಲಿ ವಿಕ್ಟೋರಿಯಾ ತಲೆಕೆಳಗಾದಳು. ಇಂಥ ಚೀಟಿಯೊಂದು ಹರಾಜಿಗೆ ಬಂದಾಗ ಬಲ್ಲವನು ಬರೆದ ನಾಲ್ಕು ಸಾಲಿನಲ್ಲಿ ಅಂಚು ಎಷ್ಟು ಉಳಿದಿದೆ, ಎಂಟು ಮೂಲೆಗೆ ಕತ್ತರಿಸಿದ್ದೇ, ಮೊಹರು ಎಲ್ಲಿ ಬಿದ್ದಿದೆ, ಹಿಂದೆ ಯಾರ ಸಂಗ್ರಹದಲ್ಲಿತ್ತು, ಎಲ್ಲಿ ತೇಪೆ ಹಾಕಿದೆ ಎಂಬುದೆಲ್ಲ ಬಂದುಬಿಡುತ್ತದೆ. ಒಂದು ವಿಶೇಷಣ ಕೂಡ ದಂಡವಾಗುವುದಿಲ್ಲ. ನಮ್ಮ ಕಥೆಗಾರರು ಈ ಮಿತವ್ಯಯವನ್ನು ಕಲಿತರೆ ಕೆಡುಕೇನೂ ಇಲ್ಲ.

ಕೆಟ್ಟ ಪಟ್ಟಿಗಳ ಮಾತೇ ಬೇರೆ. ಅಲ್ಲಿ ಎಲ್ಲವೂ ‘ಅತ್ಯಪೂರ್ವ’, ಎಲ್ಲವೂ ‘ಸೊಗಸಾದ ಪ್ರತಿ’. ನೂರು ಚೀಟಿಗಳಲ್ಲಿ ತೊಂಬತ್ತು ಅಪೂರ್ವವಾದರೆ ಆ ಶಬ್ದಕ್ಕೆ ಉಳಿದ ಅರ್ಥವೇನು? ಹಳೆಯ ಮುನ್ನುಡಿಗಳಲ್ಲಿ ಎಲ್ಲ ಕವಿಗಳೂ ‘ಉದಯೋನ್ಮುಖ’ರಾಗಿದ್ದಂತೆ. ಇನ್ನು ಊರುಗಳ ವಿಷಯ. ಶಿರಸಿಯ ಹಳೆಯ ಲಕೋಟೆಯೊಂದನ್ನು ವರ್ಣಿಸುವವನಿಗೆ ಉತ್ತರ ಪ್ರದೇಶದಲ್ಲೂ ಒಂದು ಸಿರ್ಸಿ ಇದೆಯೆಂಬುದು ಗೊತ್ತಿರಬೇಕು. ಸಿದ್ದಾಪುರವೆಂದರೆ ನಮ್ಮದೇ, ಕುಂದಾಪುರದ ಕಡೆಯದೇ, ಕೊಡಗಿನದೇ ಎಂದು ವಿಚಾರಿಸಬೇಕು. ಉತ್ತರ ಕನ್ನಡ ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇದನ್ನು ತಿಳಿಯದವನು ಮೊಹರನ್ನು ಓದಿ ಏನು ಹೇಳಿಯಾನು? ಊರು ತಪ್ಪಿದರೆ ಬೆಲೆಯೂ ತಪ್ಪುತ್ತದೆ. ಆದರೂ ಇದು ಅಜ್ಞಾನದ ದೋಷ, ತಿದ್ದಿದರೆ ತೀರಿತು.

ತಿದ್ದಲಾಗದ ದೋಷ ಮೌನದ್ದು. ಪಟ್ಟಿ ವಸ್ತುವಿನ ವಿಷಯದಲ್ಲಿ ಎಷ್ಟು ವಾಚಾಳಿಯೋ ವ್ಯವಹಾರದ ವಿಷಯದಲ್ಲಿ ಅಷ್ಟೇ ಮೌನಿ. ಮಾರುವವನಾರು? ಅವನಿಗೂ ಹರಾಜು ಸಂಸ್ಥೆಗೂ ನಂಟೇನು? ಇದಕ್ಕಿಂತ ಕಡಿಮೆಗೆ ಕೊಡಕೂಡದೆಂಬ ಗುಟ್ಟಿನ ಮಿತಿ ಎಷ್ಟು? ನನ್ನ ಎದುರು ಕೂಗಿದವನು ನಿಜವಾದ ಗಿರಾಕಿಯೋ, ಗೋಡೆಯ ನೆರಳೋ? ಇವಾವುದಕ್ಕೂ ಉತ್ತರವಿಲ್ಲ. ಬೆಲೆಯೆಂಬ ಒಂದೇ ಶಬ್ದಕ್ಕೂ ಇಲ್ಲಿ ಎರಡು ಅರ್ಥ. ಬ್ರಿಟಿಷ್ ಗಯಾನಾದ ೧೮೫೬ರ ಒಂದು ಸೆಂಟಿನ ಚೀಟಿಯ ಕಥೆ ಪ್ರಸಿದ್ಧ. ೧೮೭೩ರಲ್ಲಿ ಹನ್ನೆರಡು ವಯಸ್ಸಿನ ಹುಡುಗನೊಬ್ಬನಿಗೆ ಸಿಕ್ಕಿ, ಆರು ಶಿಲಿಂಗಿಗೆ ಮಾರಿಹೋಯಿತು. ೨೦೧೪ರಲ್ಲಿ ಅದು ೯೪.೮ ಲಕ್ಷ ಡಾಲರಿಗೆ ಹೋಯಿತೆಂದು ಜಗತ್ತೆಲ್ಲ ಓದಿತು. ಆದರೆ ಸುತ್ತಿಗೆ ಬಿದ್ದದ್ದು ೭೯ ಲಕ್ಷಕ್ಕೆ. ಉಳಿದದ್ದು ಕೊಂಡವನ ಮೇಲೆ ಸಂಸ್ಥೆ ಹೇರಿದ ಕಮಿಷನ್ನು. ೨೦೨೧ರಲ್ಲಿ ಅದೇ ಚೀಟಿ ಸುಮಾರು ೮೩ ಲಕ್ಷ ಡಾಲರಿಗೆ ಇಳಿಯಿತು. ಏರಿದಾಗ ಕೇಳಿಸಿದ ಡಂಗುರ ಇಳಿದಾಗ ಅಷ್ಟಾಗಿ ಕೇಳಿಸಲಿಲ್ಲ.

ನಮ್ಮ ದೇಶದ ಚೀಟಿಯನ್ನೇ ತೆಗೆದುಕೊಳ್ಳೋಣ. ೧೯೪೮ರ ಆಗಸ್ಟ್ ೧೫ರಂದು ಗಾಂಧೀಜಿಯವರ ನಾಲ್ಕು ಚೀಟಿಗಳು ಹೊರಬಂದವು. ಅವುಗಳ ಪೈಕಿ ಹತ್ತು ರೂಪಾಯಿನ ಚೀಟಿಗೆ ಗವರ್ನರ್ ಜನರಲ್ಲರ ಕಚೇರಿಗೆಂದು ‘ಸರ್ವಿಸ್’ ಎಂಬ ಮೇಲಚ್ಚು ಹಾಕಿದ ಪ್ರತಿಗಳು ನೂರೇ ನೂರು. ೨೦೧೭ರಲ್ಲಿ ಅದರ ನಾಲ್ಕು ಚೀಟಿಗಳ ಪಟ್ಟಿಯೊಂದು ಐದು ಲಕ್ಷ ಪೌಂಡಿಗೆ ಮಾರಾಟವಾಯಿತೆಂದು ಸುದ್ದಿ. ಅದು ಬಹಿರಂಗ ಹರಾಜಲ್ಲ, ಖಾಸಗಿ ಮಾರಾಟ. ಬೆಲೆಯನ್ನು ಸಾರಿದವರೂ ಮಾರಿದವರೇ. ಆ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಸಾಕ್ಷಿಯೂ ಕಕ್ಷಿಯೂ ಒಬ್ಬನೇ ಆದಾಗ ನ್ಯಾಯಾಧೀಶ ತುಸು ತಡೆಯುತ್ತಾನೆ, ಅಷ್ಟೆ.

ಸಂದೇಹದ ಬೇರು ಇನ್ನೂ ಆಳದಲ್ಲಿದೆ. ದೂರದಲ್ಲಿರುವವನು ತನ್ನ ಗರಿಷ್ಠ ಬೆಲೆಯನ್ನು ಬರೆದು ಅಂಚೆಯಲ್ಲಿ ಕಳುಹಿಸುವುದು, ಎರಡನೆಯವನು ಎಷ್ಟು ಬರೆದಿದ್ದನೋ ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿನ ಬೆಲೆಯನ್ನು ಗೆದ್ದವನು ಕೊಡುವುದು: ಇದು ಅಂಚೆಚೀಟಿ ಲೋಕದ ಹಳೆಯ ಕ್ರಮ. ಅಮೆರಿಕದಲ್ಲಿ ೧೮೯೩ರಷ್ಟು ಹಿಂದೆಯೇ ಇದರ ಕುರುಹು ಸಿಗುತ್ತದೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ ೧೯೬೧ರಲ್ಲಿ ಈ ಕ್ರಮದ ಸತ್ತ್ವವನ್ನು ಗಣಿತದಿಂದ ತೋರಿಸಿದ. ೧೯೯೬ರಲ್ಲಿ ನೊಬೆಲ್ ಬಹುಮಾನವೂ ಅವನಿಗೆ ಬಂತು. ಮನಸ್ಸಿನಲ್ಲಿದ್ದ ಬೆಲೆಯನ್ನು ಹಾಗೆಯೇ ಬರೆಯುವುದು ಲಾಭಕರ ಎಂಬುದು ಅದರ ಸೊಗಸು. ಆದರೆ ಆ ಎರಡನೆಯವನ ಬೆಲೆಯನ್ನು ನೋಡಿದವರಾರು? ಲಕೋಟೆ ಬಿಚ್ಚಿದ ಗುಮಾಸ್ತ ಮಾತ್ರ. ನಾನು ಸಾವಿರ ಬರೆದಿದ್ದೇನೆಂದು ತಿಳಿದವನು ಇನ್ನೊಬ್ಬ ಒಂಬೈನೂರ ಐವತ್ತು ಬರೆದಿದ್ದಾನೆಂದರೆ ನಾನು ನಂಬಲೇಬೇಕು. ಗಣಿತ ಪ್ರಾಮಾಣಿಕ, ಗುಮಾಸ್ತನಿಗೆ ಗಣಿತ ಜಾಮೀನು ನಿಲ್ಲಲಾರದು.

ಇದು ಬರಿಯ ಊಹೆಯ ಭಯವಲ್ಲ. ಹರಾಜಿಗೆ ಮುಂಚೆಯೇ ತಮ್ಮತಮ್ಮಲ್ಲಿ ಗುಟ್ಟಿನ ಹರಾಜು ನಡೆಸಿ, ಬಹಿರಂಗದಲ್ಲಿ ಒಬ್ಬರ ಮೇಲೊಬ್ಬರು ಕೂಗದೆ, ಉಳಿಸಿದ ಹಣವನ್ನು ಹಂಚಿಕೊಳ್ಳುತ್ತಿದ್ದ ವ್ಯಾಪಾರಿಗಳ ಕೂಟವೊಂದು ಸುಮಾರು ಎರಡು ದಶಕ ನಡೆಯಿತೆಂಬ ಆರೋಪದ ಮೇಲೆ ನ್ಯೂಯಾರ್ಕ್ ರಾಜ್ಯ ಹೂಡಿದ ಮೊಕದ್ದಮೆ ೨೦೦೨ರಲ್ಲಿ ನ್ಯಾಯಾಲಯದ ಮುಂದಿತ್ತು. ಇಂಥ ಕೂಟದಿಂದ ನಷ್ಟ ಕೊಳ್ಳುವವನಿಗಲ್ಲ, ಅಪ್ಪನ ಆಲ್ಬಂ ಮಾರಲು ಬಂದ ಮಕ್ಕಳಿಗೆ. ಸ್ಪೇನಿನಲ್ಲಿ ೨೦೦೬ರ ಮೇ ತಿಂಗಳಲ್ಲಿ ಎರಡು ಸಂಸ್ಥೆಗಳ ಮೇಲೆ ಪೋಲೀಸರ ದಾಳಿಯಾಯಿತು. ಅಂಚೆಚೀಟಿಯ ಮೇಲೆ ಹಣ ಹೂಡಿದ್ದ ಮೂರು ಲಕ್ಷಕ್ಕೂ ಹೆಚ್ಚು ಜನ ಬೀದಿಗೆ ಬಂದರು. ಚೀಟಿಗಳಿಗೆ ಕಟ್ಟಿದ್ದ ಬೆಲೆ ಪೇಟೆಯ ಬೆಲೆಯಾಗಿರಲಿಲ್ಲ, ಕಾಗದದ ಬೆಲೆಯಾಗಿತ್ತು.

ಈಗ ಇನ್ನೊಂದು ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆಯ ಧಾರಣೆ ದಿನಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕ. ಒಂದೊಂದರ ಮುಂದೆ ಕನಿಷ್ಠ, ಗರಿಷ್ಠ, ಸರಾಸರಿ. ವಿಶೇಷಣ ಒಂದೂ ಇಲ್ಲ. ಇದರ ಹಿಂದಿರುವುದು ಟೆಂಡರು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದ್ದು ೧೯೨೩ರಲ್ಲಿ. ಬೆಳೆದವನು ದಲಾಲಿಯ ಮರ್ಜಿಗೆ ಬೀಳಬಾರದೆಂಬ ಹಂಬಲವೇ ಇಂಥ ಸಂಘಗಳ ಬುನಾದಿ. ಮಾಲಿಗೆ ಸಂಖ್ಯೆ ಬೀಳುತ್ತದೆ. ಖರೀದಿದಾರರು ಅಡಿಕೆಯನ್ನು ಮುಟ್ಟಿ, ಒಡೆದು, ನೋಡಿ, ಒಬ್ಬರದನ್ನೊಬ್ಬರು ಕಾಣದಂತೆ ದರ ಬರೆದು ಕೊಡುತ್ತಾರೆ. ಹೊತ್ತು ಮೀರಿದ ಮೇಲೆ ಎಲ್ಲವನ್ನೂ ಒಟ್ಟಿಗೆ ತೆರೆದು, ಹೆಚ್ಚಿನದನ್ನು ಸಾರುತ್ತಾರೆ. ಆ ಬೆಲೆ ತೋಟಿಗನಿಗೆ ಒಪ್ಪಿಗೆಯಾಗದಿದ್ದರೆ ಮಾಲು ಉಳಿಸಿಕೊಳ್ಳಬಹುದು. ಈಗ ದರ ನಮೂದಿಸುವ ಕೆಲಸಕ್ಕೆ ಕಂಪ್ಯೂಟರೂ ಬಂದಿದೆ. ೨೦೧೯ರಲ್ಲಿ ಈ ಮೂರು ತಾಲೂಕುಗಳ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ, ಅಂದರೆ ಮಾಲು ಯಾವ ಊರಿನದೆಂಬ ಮಾತಿಗೂ ಕಾನೂನಿನ ಬೆಂಬಲ ಬಂದಂತಾಯಿತು.

ಟೆಂಡರು ದೇವರ ತೀರ್ಪೆಂದು ಯಾರೂ ಭ್ರಮಿಸಬೇಕಿಲ್ಲ. ನ್ಯೂಯಾರ್ಕಿನಲ್ಲಿ ಹೂಡಬಹುದಾದ ಕೂಟವನ್ನು ಎಲ್ಲಿ ಬೇಕಾದರೂ ಹೂಡಬಹುದು; ನಾಲ್ವರು ಖರೀದಿದಾರರು ಚಹ ಕುಡಿಯುತ್ತ ದರ ಮಾತಾಡಿಕೊಂಡರೆ ಮುಚ್ಚಿದ ಚೀಟಿ ಏನು ಮಾಡೀತು? ಆದರೆ ಒಂದು ವ್ಯತ್ಯಾಸ ಉಂಟು. ಅಡಿಕೆಗೆ ನಾಳೆಯೂ ಟೆಂಡರಿದೆ, ಪಕ್ಕದ ಪೇಟೆಯೂ ಇದೆ. ಶಿರಸಿಯ ದರ ಕುಗ್ಗಿದರೆ ಯಲ್ಲಾಪುರದ ದರ ಅದೇ ಅಂಕಣದಲ್ಲಿ ಪಕ್ಕದಲ್ಲೇ ನಿಂತು ಸಾಕ್ಷಿ ಹೇಳುತ್ತದೆ. ಅಪೂರ್ವ ಚೀಟಿಗೆ ಈ ಭಾಗ್ಯವಿಲ್ಲ. ಅದು ತಲೆಮಾರಿಗೊಮ್ಮೆ ಪೇಟೆಗೆ ಬರುತ್ತದೆ, ಹೋಲಿಸಲು ಜೋಡಿಯಿಲ್ಲ. ಹೀಗಾಗಿ ಅಪೂರ್ವವಾದಷ್ಟೂ ಬರವಣಿಗೆಯ ಹೊಣೆ ಹೆಚ್ಚಬೇಕು. ವಾಡಿಕೆಯಲ್ಲಿ ಹೆಚ್ಚುತ್ತಿರುವುದು ವಿಶೇಷಣಗಳು ಮಾತ್ರ.

ಹರಾಜಿನವರು ಇದಕ್ಕೊಂದು ಸಮಾಧಾನ ಹೇಳುತ್ತಾರೆ: ಕೊಂಡವನ ಹೆಸರು ಹೊರಗೆ ಬಂದರೆ ಕಳ್ಳರ ಭಯ, ಮಾರಿದವನ ಹೆಸರು ಬಂದರೆ ಮನೆಯ ಮಾನ. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ನಮ್ಮ ಮಿತ್ರರು ಕೇಳುತ್ತಿರುವುದು ಹೆಸರನ್ನಲ್ಲ. ಗುಟ್ಟಿನ ಮಿತಿ ಎಷ್ಟಿತ್ತೆಂಬುದನ್ನು ಹರಾಜಾದ ಮೇಲಾದರೂ ತಿಳಿಸಿ. ಎಷ್ಟು ಜನ ಬೇಡಿದರು, ಎರಡನೆಯ ಬೆಲೆ ಎಷ್ಟು ಎಂದು ಬರೆಯಿರಿ. ಸಂಸ್ಥೆಯ ಸ್ವಂತ ಮಾಲಿಗೆ ಗುರುತು ಹಾಕಿ. ಮಾರಾಟವಾಗದ್ದನ್ನು ಮಾರಾಟವಾಗಲಿಲ್ಲ ಎನ್ನಿ. ಇಷ್ಟನ್ನು ಒಂದು ಸಾಲಿನಲ್ಲಿ ಹೇಳಬಹುದು. ನಾಲ್ಕಾಣೆಯ ಚೀಟಿಯ ತೇಪೆಯನ್ನು ಅಷ್ಟು ನವಿರಾಗಿ ವರ್ಣಿಸಬಲ್ಲ ಲೇಖನಿಗೆ ಇದು ಕಷ್ಟದ ಕೆಲಸವಲ್ಲ.

ಪಟ್ಟಿ ಚೆನ್ನಾಗಿದೆಯೇ ಎಂಬುದನ್ನು ಗೆದ್ದವನನ್ನು ಕೇಳಿ ತಿಳಿಯಲಾಗದು. ಸೋತವನು ತಾನೇಕೆ ಸೋತೆನೆಂದು, ಮಾರಿದವನು ತನಗೇಕೆ ಇಷ್ಟೇ ಬಂತೆಂದು ಅದನ್ನು ಓದಿ ಅರಿತುಕೊಳ್ಳಬಲ್ಲನೇ? ಈ ಪರೀಕ್ಷೆಯಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ಎಂಬ ಮೂರೇ ಶಬ್ದಗಳ ಅಡಿಕೆಯ ಧಾರಣೆ ತೇರ್ಗಡೆಯಾಗುತ್ತದೆ. ನುಣುಪು ಕಾಗದದ ಮೇಲೆ ಬಣ್ಣದಲ್ಲಿ ಅಚ್ಚಾದ ಹರಾಜಿನ ಪಟ್ಟಿ, ಅದರ ಗದ್ಯ ಎಷ್ಟೇ ಸೊಗಸಾಗಿರಲಿ, ಸದ್ಯಕ್ಕೆ ತೇರ್ಗಡೆಯಾಗುವಂತಿಲ್ಲ.